ಲಡಾಯಿ ಕುರೂಸಿನ ಹತ್ತಿರದ ರೊಟ್ಟಿ ಅಕ್ಕ

ಅವರ ಬಲಗೈಯ ಅಂಗೈ ಎಡಗೈಯದಕ್ಕಿಂತ ಅಗಲವಾಗಿತ್ತು. ನಂಬದವರಿಗೆ ಎರಡನ್ನೂ ಜೋಡಿಸಿ ತೋರಿಸುತ್ತಿದ್ದರು. ಜೋಳದ ರೊಟ್ಟಿ ಬಡಿದೂ ಬಡಿದೂ ಬೆರಳಿನ ಬುಡಗಳು ಚಪ್ಪಟೆಯಾಗಿ ಹರಡಿಕೊಂಡಿದ್ದವು. ಗೆರೆಗಳೊಳಗೆ ಕೂತ ಹಿಟ್ಟು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಒಂದು ಸಂಜೆ ಮಾರ್ಕೆಟ್ಟಿನಲ್ಲಿ ಕೈಚಾಚಿ ಟೊಮೆಟೊ ಆರಿಸುತ್ತಿದ್ದಾಗ ಮಾರುವವನು, "ಮಾವಶೀ, ಸುಣ್ಣ ಬಳಿಯುವ ಕೆಲಸವೇ?" ಎಂದು ಮರಾಠಿಯಲ್ಲಿ ಕೇಳಿದ. "ಹ್ಞೂಂ, ಮಂದಿ ಹೊಟ್ಟೀಗೆ ಸುಣ್ಣ ಹಚ್ತೀನಿ" ಅಂದರು, ಕನ್ನಡದಲ್ಲೇ. ಅವನಿಗೆ ತಿಳಿಯಲಿಲ್ಲ. ನಾವಿಬ್ಬರೂ ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದೆವು.

ಅವರು ಹಾಗೆ ನಗುತ್ತಿದ್ದ ವರ್ಷಗಳು ಕಡಿಮೆ. ನನ್ನ ಪಾಲಿಗೆ ಬಂದದ್ದು ಐದಾರು.

ನಾನು ಮದುವೆಯಾಗಿ ಮುಂಬಯಿ ಪಕ್ಕದ ಠಾಣೆಗೆ ಬಂದಾಗ ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನನ್ನದು ಕುಂದಾಪುರದ ಕಡೆ. ಗಂಡ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ನಮ್ಮ ಕೈಗೆಟುಕುವ ಬಾಡಿಗೆಗೆ ಒಂದು ಖೋಲಿ ಸಿಕ್ಕಿದ್ದು ಘೋಡಬಂದರ್ ರಸ್ತೆಯಿಂದ ಖಾಡಿಯ ಕಡೆಗೆ, ಸಮುದ್ರದ ಹಿನ್ನೀರಿಗೆ, ಇಳಿಯುವ ಹಳೆಯ ಊರೊಂದರಲ್ಲಿ. ಹೊರಗೆ ರಸ್ತೆಯ ಬದಿಗೆ ಟವರುಗಳು ಏಳುತ್ತಿದ್ದವು. ಒಳಗೆ ಹೆಂಚಿನ ಮನೆಗಳು, ಚಿಕ್ಕದೊಂದು ಇಗರ್ಜಿ, ಬಾವಿ, ಮೀನು ಒಣಗಿಸುವ ಅಂಗಳಗಳು. ಊರಿನವರು ತಲೆತಲಾಂತರದಿಂದ ಅಲ್ಲೇ ಇದ್ದ, ಮನೆಯಲ್ಲಿ ಮರಾಠಿ ಆಡುವ ಕ್ರೈಸ್ತರು. ತಮ್ಮ ಮನೆಗಳ ಹಿಂದೆ ಸಾಲು ಖೋಲಿ ಕಟ್ಟಿಸಿ ನಮ್ಮಂಥವರಿಗೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಚಾಳಿನ ಒಡತಿಯನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ಆಗಲೇ ಎಪ್ಪತ್ತು ದಾಟಿದವರು.

ನಮ್ಮ ಖೋಲಿಗೂ ರೊಟ್ಟಿ ಅಕ್ಕನ ಖೋಲಿಗೂ ನಡುವೆ ಒಂದೇ ಗೋಡೆ. ಬೆಳಕು ಹರಿಯುವ ಮುಂಚೆಯೇ ಆ ಕಡೆಯಿಂದ ಪಟಪಟ ಸದ್ದು ಶುರುವಾಗುತ್ತಿತ್ತು. ಹೊಸತರಲ್ಲಿ ನನಗದು ಹಿಂಸೆ. ಒಂದು ದಿನ ತಾಳಲಾರದೆ ಕೇಳಿಯೇಬಿಟ್ಟೆ: "ಅಕ್ಕಾ, ಸ್ವಲ್ಪ ತಡವಾಗಿ ಶುರು ಮಾಡ್ಲಿಕ್ಕೆ ಆಗುದಿಲ್ವಾ ಮಾರಾಯ್ರೆ?"

"ಆಗತೈತಿ ತಗೋ. ಆದ್ರ ಗೌಂಡಿ ಮಂದಿ ಹಸಗೊಂಡು ಮ್ಯಾಲ ಹತ್ತಬೇಕಾಗತೈತಿ. ಹತ್ತನೇ ಮಾಳಗಿಯಿಂದ ತಲಿ ತಿರುಗಿ ಬಿದ್ರ ನೀ ಹಿಡೀತಿ ಏನು?"

ಬಾಯಿ ಮುಚ್ಚಿಕೊಂಡು ಬಂದೆ. ಅರ್ಧ ಗಂಟೆಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ನನ್ನ ಬಾಗಿಲಿಗೆ ಬಂದವು. ಅಕ್ಕಿ ತಿಂದು ಬೆಳೆದ ನನಗೆ ಆ ರೊಟ್ಟಿ ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ಒಂದು ತಿಂಗಳಲ್ಲಿ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ.

ಅವರು ವಿಜಾಪುರ ಜಿಲ್ಲೆಯವರು. ಜಿಲ್ಲೆಯ ಹೆಸರು ಬದಲಾದಮೇಲೂ ಅವರ ಬಾಯಲ್ಲಿ ಅದು ವಿಜಾಪುರವೇ. ಗಂಡ ಗೌಂಡಿ. ಟವರುಗಳಿಗೆ ಇಟ್ಟಿಗೆ ಕಟ್ಟಿ, ಗಿಲಾವು ಮಾಡಿ ಬದುಕುತ್ತಿದ್ದರು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಕಲಬುರಗಿ, ರಾಯಚೂರಿನ ಕಡೆಯಿಂದ ಬಂದು ಸೈಟುಗಳ ಶೆಡ್ಡಿನಲ್ಲಿ ಮಲಗುತ್ತಿದ್ದ ಕೂಲಿಯವರಿಗೆಲ್ಲ ಅಕ್ಕನ ರೊಟ್ಟಿಯೇ ಊಟ. ಅವರ ಮನೆಯ ಸುದ್ದಿ, ಹೆಂಡಿರ ಹೆರಿಗೆ, ತಮ್ಮಂದಿರ ಜಗಳ ಎಲ್ಲ ಅಕ್ಕನಿಗೆ ಗೊತ್ತು. ಯಾರಾದರೂ ಮುಖ ಸಣ್ಣ ಮಾಡಿಕೊಂಡು ಬಂದರೆ ಕಾರಣ ಕೇಳುತ್ತಿರಲಿಲ್ಲ. "ಕೈ ನಿಂತ್ರ ತಲಿ ಓಡತೈತಿ. ಹೋಗು, ಕೆಲಸಕ್ಕ ಹೋಗು" ಅನ್ನುತ್ತಿದ್ದರು. ಅದು ಅವರ ಮಾತು. ನನಗೂ ಎಷ್ಟೋ ಸಲ ಹೇಳಿದ್ದಾರೆ.

ನನ್ನ ಮಗಳು ಹುಟ್ಟಿದಾಗ ಊರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು, ಬರಲಾಗಲಿಲ್ಲ. ಬಾಣಂತನ ಮಾಡಿದ್ದು ರೊಟ್ಟಿ ಅಕ್ಕ. ರೊಟ್ಟಿ ಕೆಲಸ ಮುಗಿಸಿ ಬಂದು, ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕಿ ಎರೆಯುತ್ತಿದ್ದರು. ಕೂಸು ಅಳುತ್ತಿರಲಿಲ್ಲ. "ಸಮುದ್ರದ ಕಡೀದು. ನೀರಿಗೆ ಅಂಜೂದಿಲ್ಲ ನೋಡು" ಅನ್ನುತ್ತಿದ್ದರು.

ನಮ್ಮ ಚಾಳಿನೆದುರು ಓಣಿ ಎರಡಾಗಿ ಒಡೆಯುವ ಜಾಗದಲ್ಲಿ ಒಂದು ಶಿಲುಬೆ ಇತ್ತು. ಕರಿಕಲ್ಲಿನ ಮೆಟ್ಟಿಲುಗಳು, ಅದರ ಮೇಲೆ ಚೌಕ ಪೀಠ, ಪೀಠದ ಮೇಲೆ ಆಳೆತ್ತರಕ್ಕಿಂತ ತುಸು ಹೆಚ್ಚಿನ ಕಲ್ಲಿನ ಶಿಲುಬೆ. ಪೀಠದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಆರೇಳು ಹೆಸರು. ಊರಿನಲ್ಲಿ ಬೇರೆ ಶಿಲುಬೆಗಳೂ ಇದ್ದವು, ಹಿಂದೆ ಪ್ಲೇಗು ಬಂದಾಗ ನೆಟ್ಟವು. ಇದನ್ನು ಮಾತ್ರ ಲಡಾಯಿ ಕುರೂಸ್ ಎನ್ನುತ್ತಿದ್ದರು. ಅಕ್ಕ ಅದರ ಮೆಟ್ಟಿಲ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಆಂಟಿ ಬಂದು ಬೈಯುತ್ತಿದ್ದರು. ಮಾರನೆಯ ದಿನ ಮತ್ತೆ ಮೆಣಸಿನಕಾಯಿ, ಮತ್ತೆ ಬೈಗುಳ. ಆಂಟಿ ಮರಾಠಿಯಲ್ಲಿ ಬೈದರೆ ಅಕ್ಕ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು.

ಒಂದು ಮಧ್ಯಾಹ್ನ ಅದೇ ಮೆಟ್ಟಿಲ ಮೇಲೆ ಕೂತು ಆಂಟಿ ಕತೆ ಹೇಳಿದರು. ಮೊದಲನೇ ದೊಡ್ಡ ಯುದ್ಧದಲ್ಲಿ ಸರ್ಕಾರದವರು ಬಂದು ಗಂಡಸರನ್ನು ಕರೆದುಕೊಂಡು ಹೋದರಂತೆ. ಹಡಗು ಹತ್ತಿ ಬಸ್ರಾ ಕಡೆಗೆ. ಅವರಲ್ಲಿ ಬಂದೂಕು ಹಿಡಿದವರು ಯಾರೂ ಇಲ್ಲ. ಕೆಲವರು ಹೇಸರಗತ್ತೆ ನೋಡಿಕೊಳ್ಳಲಿಕ್ಕೆ, ಕೆಲವರು ಗಾಯಗೊಂಡವರನ್ನು ಹೊರಲಿಕ್ಕೆ, ಉಳಿದವರು ಅಡಿಗೆಗೆ. ಆಂಟಿಯ ಅಜ್ಜನ ತಮ್ಮ ಅಡಿಗೆಗೆ ಹೋದವನು. ಹೋದವರಲ್ಲಿ ಯಾರೂ ತಿರುಗಿ ಬರಲಿಲ್ಲ. ಹೂಳಿದ್ದೆಲ್ಲಿ ಎನ್ನುವುದೂ ತಿಳಿಯಲಿಲ್ಲ. ಆಗ ಮನೆಮನೆಯವರು ಸೇರಿ ಖಾಡಿ ದಾಟಿಸಿ ದೋಣಿಯಲ್ಲಿ ಕಲ್ಲು ತರಿಸಿ ಇದನ್ನು ನಿಲ್ಲಿಸಿದರು.

ಅಕ್ಕ ಮೆಣಸಿನಕಾಯಿ ತಿರುವುತ್ತ ಕೇಳುತ್ತಿದ್ದರು. "ಅಡಗಿ ಮಾಡಾವ್ನ ಹೆಸರೂ ಕಲ್ಲಿನ ಮ್ಯಾಲ ಬರದಾರ?"

"ಬರೆದಿದ್ದಾರೆ ನೋಡು. ಅದೇ ಮೂರನೆಯದು."

"ಭಾಳ ಚಲೋ ಮಂದಿ" ಅಂದರು ಅಕ್ಕ. ಅಂದಿನಿಂದ ಮೆಣಸಿನಕಾಯಿ ಚಾಳಿನ ಛಾವಣಿಗೆ ಹೋಯಿತು.

ಅಕ್ಕನಿಗೆ ಒಬ್ಬನೇ ಮಗ. ಅದೇ ಖೋಲಿಯಲ್ಲಿ ಹುಟ್ಟಿದವನು. ಮರಾಠಿ ಶಾಲೆಯಲ್ಲಿ ಓದಿದವನು, ಆಂಟಿಯ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಅಕ್ಕ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲೇ ಉತ್ತರ. "ಉಂಡೀ ಏನೋ?" "ಹೋ ಆಯೀ, ಜೇವಲೋ." ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಇಪ್ಪತ್ತು ತುಂಬುವಷ್ಟರಲ್ಲಿ ಸೈನ್ಯಕ್ಕೆ ಸೇರಿದ. ಓಟದಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಭರ್ತಿಗೆ ಹೋದವನು ಮೊದಲ ಸಲಕ್ಕೇ ಆಯ್ಕೆಯಾಗಿ ಬಂದ.

"ಪರಾಂಚಿ ಹತ್ತೂದು ತಪ್ಪಿತು" ಎಂದಷ್ಟೇ ಹೇಳಿದರು ಅವನ ಅಪ್ಪ. ಕಟ್ಟಡದ ಅಟ್ಟಣಿಗೆಗೆ ಅವರು ಪರಾಂಚಿ ಎನ್ನುತ್ತಿದ್ದರು. ಅಕ್ಕ ಚಾಳಿಗೆಲ್ಲ ಹೋಳಿಗೆ ಹಂಚಿದರು.

ಆಗ ಅಕ್ಕನಿಗೊಂದು ಮೊಬೈಲು ಬಂತು. ಖೋಲಿಗಳ ಒಳಗೆ ರೇಂಜ್ ಸಿಗುತ್ತಿರಲಿಲ್ಲ. ಕುರೂಸಿನ ಮೇಲಿನ ಮೆಟ್ಟಿಲಿಗೆ ಹೋಗಿ ನಿಂತರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಭಾನುವಾರ ಸಂಜೆ ಅಕ್ಕ ಅಲ್ಲಿ ಹತ್ತಿ ನಿಲ್ಲುತ್ತಿದ್ದರು. ಒಂದು ಕೈ ಫೋನಿನ ಮೇಲೆ, ಒಂದು ಕೈ ಶಿಲುಬೆಯ ಮೇಲೆ. "ಥಂಡಿ ಐತೇನು? ಎಷ್ಟ ಐತಿ? ಕಾಲಚೀಲ ಎರಡೆರಡು ಹಾಕ್ಕೊ." ಇಡೀ ಓಣಿಗೆ ಕೇಳುತ್ತಿತ್ತು. ಇಗರ್ಜಿಯಿಂದ ಬರುವವರು, "ನಮ್ಮದೂ ಸಲಾಮ್ ಹೇಳು" ಎಂದು ಕೂಗಿ ಹೋಗುತ್ತಿದ್ದರು. ಗಡಿಯ ಹಿಮಬೆಟ್ಟದ ಮೇಲಿನ ಚೌಕಿಗೆ ಹಾಕಿದ ಮೇಲೆ ಅವನ ಫೋನು ಅಪರೂಪವಾಯಿತು. ಅಕ್ಕ ಭಾನುವಾರ ಮಾತ್ರ ತಪ್ಪಿಸಲಿಲ್ಲ. ಹತ್ತಿ ನಿಂತು, ಸ್ವಲ್ಪ ಹೊತ್ತು ಕಾದು, ಇಳಿದು ಬರುತ್ತಿದ್ದರು.

ಸುದ್ದಿ ಬಂದ ದಿನ ನಾನು ಮಗಳಿಗೆ ಜಡೆ ಹಾಕುತ್ತಿದ್ದೆ. ಸಮವಸ್ತ್ರದ ಇಬ್ಬರು, ಜೊತೆಗೊಬ್ಬ ಪೊಲೀಸ್, ಓಣಿಯೊಳಗೆ ಬಂದರು. ಅಕ್ಕನ ಬಾಗಿಲಲ್ಲಿ ನಿಂತು ಟೋಪಿ ತೆಗೆದರು. ಹಿರಿಯವರು ಹಿಂದಿಯಲ್ಲಿ ಮೆಲ್ಲಗೆ ಹೇಳತೊಡಗಿದರು. ಅಕ್ಕನಿಗೆ ಹಿಂದಿ ಚೆನ್ನಾಗಿ ತಿಳಿಯುತ್ತಿತ್ತು. ಇಷ್ಟು ವರ್ಷ ಆ ಊರಲ್ಲಿ ಬಾಳಿದವರಿಗೆ ತಿಳಿಯದೆ ಉಂಟೇ? ಆದರೂ ಅವರನ್ನು ತಡೆದು ನನ್ನನ್ನು ಕೂಗಿದರು.

"ತಂಗೀ, ಬಾ ಇಲ್ಲಿ. ಇವ್ರು ಏನೋ ಹೇಳಾಕತ್ತಾರ. ಕನ್ನಡದಾಗ ಹೇಳು."

ಆ ಅಧಿಕಾರಿ ನನಗೆ ಮತ್ತೊಮ್ಮೆ ಹೇಳಿದರು. ಹಿಮ ಜಾರಿದೆ, ಚೌಕಿ ಅದರ ಕೆಳಗೆ ಹೂತುಹೋಗಿದೆ, ನಾಲ್ವರಲ್ಲಿ ಮೂವರು ಸಿಕ್ಕಿದ್ದಾರೆ, ಇವರ ಮಗ ಸಿಕ್ಕಿಲ್ಲ, ಬದುಕಿರುವ ಆಸೆ ಇಲ್ಲ. ನಾನು ಅಕ್ಕನ ಮುಖ ನೋಡಿದೆ. ಅವರು ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದರು.

"ಅಕ್ಕಾ, ಹಿಮ ಬಿತ್ತಂತೆ. ಅವನು ಅದರೊಳಗೆ ಹೋದನಂತೆ."

"ಸಿಕ್ಕಾನೇನು?"

"ಇಲ್ಲಂತೆ."

"ಹುಡುಕಾಕತ್ತಾರ?"

ನಾನು ಹಿಂದಿಯಲ್ಲಿ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಹುಡುಕಿದರಂತೆ ಅಕ್ಕಾ. ಈಗ ನಿಲ್ಲಿಸಿದ್ದಾರಂತೆ."

"ಹೌದಾ" ಅಂದರು. "ಅಷ್ಟ ದೂರದಿಂದ ಬಂದಾರ. ಉಂಡಾರೇನು ಕೇಳು."

ಅವರಿಗೆ ಊಟ ಬಡಿಸಿದರು. ಆ ಮೂವರೂ ತಲೆ ತಗ್ಗಿಸಿಕೊಂಡು ಉಂಡರು. ಬೇಡ ಎನ್ನುವ ಧೈರ್ಯ ಅವರಿಗೂ ಬರಲಿಲ್ಲ.

ಅಕ್ಕ ಅಳಲಿಲ್ಲ. ವಿಜಾಪುರದ ಕಡೆಯ ಊರಿನಿಂದ ಹೆಂಗಸರು ಬಂದರು, ಹಾಡಿಕೊಂಡು ಅತ್ತರು, ಅಕ್ಕನ ಭುಜ ಹಿಡಿದು ಅಲುಗಿಸಿದರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟರು. ಎದೆಯಲ್ಲಿ ಇಟ್ಟುಕೊಂಡರೆ ಕೆಟ್ಟದು, ಹೇಗಾದರೂ ಅಳಿಸಬೇಕು ಎಂದು ಅವರೆಲ್ಲ ನನ್ನ ಹತ್ತಿರ ಹೇಳಿ ಹೋದರು. ಅಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕುಸಿದದ್ದು ಅವರ ಗಂಡ. ಅಟ್ಟಣಿಗೆ ಹತ್ತಲಾಗದೆ, ಆ ಕೆಲಸ ಬಿಟ್ಟು, ತಾವೇ ಇಟ್ಟಿಗೆ ಕಟ್ಟಿದ ಟವರೊಂದರ ಗೇಟಿನಲ್ಲಿ ವಾಚ್‌ಮನ್ ಆದರು. ದರ್ಭೆಯ ಗೊಂಬೆ ಮಾಡಿ ಕರ್ಮ ಮುಗಿಸಿದ್ದೂ ಅವರೇ. ಅಕ್ಕ ಅಲ್ಲಿಗೆ ಹೋಗಲಿಲ್ಲ.

ಓಣಿಯ ಬಾಯಿಗೆ ಒಂದು ದೊಡ್ಡ ಫ್ಲೆಕ್ಸ್ ಹಾಕಿದ್ದರು. ಅವನ ಭಾವಚಿತ್ರ, ಅದರ ಸುತ್ತ ನಾಲ್ಕಾರು ಪುಢಾರಿಗಳ ಮುಖ. ಮಳೆಗಾಲದಲ್ಲಿ ಅದು ಹರಿದು ಬಿತ್ತು. ಅಕ್ಕ ಅದನ್ನು ಎತ್ತಿಕೊಂಡು ಬಂದು, ಒರೆಸಿ, ಮಡಚಿ, ಜೋಳದ ಚೀಲದ ಮೇಲೆ ಹೊದಿಸಿದರು. ನನಗೆ ನೋಡಲಾಗಲಿಲ್ಲ.

"ಅಕ್ಕಾ, ಅವನ ಫೋಟೊ ಉಂಟು ಅದರಲ್ಲಿ."

"ಮಾರಿ ಒಳಗ ಮಾಡೀನಿ. ಥಂಡಿ ಹತ್ತೂದಿಲ್ಲ" ಅಂದರು, ಚೀಲ ಸರಿಪಡಿಸುತ್ತ. ದನಿಯಲ್ಲಿ ಏನೂ ಇರಲಿಲ್ಲ. ನೀರು ಬಂತು, ಕೊಡ ಇಡು ಅನ್ನುವಾಗಲೂ ಅದೇ ದನಿ.

ಭಾನುವಾರ ಸಂಜೆ ಕುರೂಸಿನ ಮೆಟ್ಟಿಲು ಹತ್ತುವುದನ್ನು ಅವರು ಬಿಡಲಿಲ್ಲ.

ಎರಡು ವರ್ಷ ಕಳೆದಿರಬೇಕು. ಓಣಿ ಅಗಲ ಮಾಡುತ್ತಾರೆ, ಹಿಂದುಗಡೆ ಹೊಸ ಕಾಂಪ್ಲೆಕ್ಸಿಗೆ ದಾರಿ ಬೇಕಂತೆ, ಕುರೂಸ್ ತೆಗೆಯುತ್ತಾರೆ ಎಂಬ ಮಾತು ಎದ್ದಿತು. ಊರು ಗಾಬರಿಯಾಯಿತು. ಆಗ ಯಾರೋ ಕಟ್ಟಡಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸ ಅವಳದು. ಕುರೂಸಿಗೆ ಪಾರಂಪರಿಕ ಸ್ಮಾರಕ ಎಂಬ ಮಾನ್ಯತೆ ಸಿಕ್ಕರೆ ಯಾರೂ ಮುಟ್ಟಲಾರರು ಎಂದಳು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಸಭೆ ಸೇರಿತು. ಬಾಡಿಗೆದಾರರಾದ ನಮ್ಮನ್ನೂ ಕರೆದರು, ಯಾಕೆಂದರೆ ಅಲ್ಲಿ ಅಕ್ಕನ ಮಗನ ವಿಷಯವೂ ಬರುವುದಿತ್ತು. ಅವನ ಜೊತೆ ಕ್ರಿಕೆಟ್ ಆಡಿದ ಹುಡುಗರು, ಕುರೂಸಿನ ಮೇಲೆ ಅವನ ಹೆಸರನ್ನೂ ಕೊರೆಸಬೇಕು ಎಂದು ಹಟ ಹಿಡಿದಿದ್ದರು.

ಆ ಹೆಣ್ಣುಮಗಳು ಒಳ್ಳೆಯ ಮಾತುಗಾತಿ. "ಯುದ್ಧದ ದೊಡ್ಡ ಸ್ಮಾರಕಗಳಲ್ಲಿ ಅಧಿಕಾರಿಗಳ ಹೆಸರಿರುತ್ತದೆ" ಎಂದಳು. "ಹೇಸರಗತ್ತೆ ಹೊಡೆದವರ, ಅಡಿಗೆ ಮಾಡಿದವರ ಹೆಸರನ್ನು ಅವರ ಊರಿನವರೇ ಕೊರೆಸಿ ನಿಲ್ಲಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ. ಒಂದು ಹೆಸರಿನಲ್ಲಿ ಒಂದು ಅಕ್ಷರ ತಿರುಗುಮುರುಗಾಗಿದೆ. ಕೊರೆದವನಿಗೆ ಓದು ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಆ ತಪ್ಪೂ ಹಾಗೆಯೇ ಇರಬೇಕು. ಇದರ ಬೆಲೆ ಇರುವುದು ಇದು ಹೇಗಿದೆಯೋ ಹಾಗೆ ಇರುವುದರಲ್ಲಿ."

"ಹಾಗಾದರೆ ಅವನ ಹೆಸರು?" ಒಬ್ಬ ಹುಡುಗ ಕೇಳಿದ.

ಅವಳು ಅಕ್ಕನ ಕಡೆ ನೋಡಿ, ಕೆಳಗೆ ನೋಡಿ, "ಹೊಸದಾಗಿ ಕೊರೆದರೆ ಮಾನ್ಯತೆ ಸಿಗುವುದು ಕಷ್ಟ. ಮಾನ್ಯತೆ ಸಿಕ್ಕ ಮೇಲಂತೂ ಒಂದು ಗೆರೆಯೂ ಹಾಕುವಂತಿಲ್ಲ" ಎಂದಳು.

ಹಿಂದಿನ ಬೆಂಚಿನಿಂದ ಒಬ್ಬ ಮುದುಕ, "ಅಷ್ಟಕ್ಕೂ ಅವನು ನಮ್ಮ ಊರಿನವನಲ್ಲವಲ್ಲ, ನಮ್ಮ ಧರ್ಮದವನೂ ಅಲ್ಲ" ಎಂದ. ಗಲಾಟೆ ಶುರುವಾಯಿತು. ಆಂಟಿ ಕೋಲೂರಿ ಎದ್ದು ನಿಂತರು.

"ಅರೇ, ನಿನ್ನ ಹೆಂಡತಿಗೆ ರಕ್ತ ಬೇಕಾದಾಗ ಆಸ್ಪತ್ರೆಗೆ ಓಡಿದವನು ಯಾರು? ಅವತ್ತು ಧರ್ಮ ಕೇಳಿದ್ದೆಯಾ? ಕುರೂಸ್ ಹೋದರೂ ಚಿಂತೆಯಿಲ್ಲ. ಹುಡುಗನ ಹೆಸರು ಕೊರೆಯಿರಿ. ನನ್ನ ಅಜ್ಜನ ತಮ್ಮನ ಪಕ್ಕದಲ್ಲಿ ಜಾಗ ಇದೆ."

ಸಭೆಯ ಮನಸ್ಸು ಆಂಟಿಯ ಕಡೆ ವಾಲಿತು. ಆಗ ಅಕ್ಕ ಎದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿ, "ನಾ ಹೇಳಿದ್ದು ಹೇಳು" ಎಂದರು.

"ಬರೀಬ್ಯಾಡ್ರಿ. ಅದರ ಮ್ಯಾಲ ಇರಾವ್ರು ಎಲ್ಲಾ ಸತ್ತಾವ್ರು. ನನ್ನ ಮಗ ಸಿಕ್ಕಿಲ್ಲ. ಸಿಗಲಾರದಾವ್ನ ಹೆಸರು ಸತ್ತಾವ್ರ ಜೋಡಿ ಯಾಕ ಬರೀತೀರಿ? ಅಲ್ಲಿ ನಿಂತು ನಾ ಅವನ ಕೂಡ ಮಾತಾಡ್ತೀನಿ. ಹೆಸರ ಬರದ್ರ ಮಾತ ಮುಗದಂಗ."

ನಾನು ಹಿಂದಿಯಲ್ಲಿ ಹೇಳಿದೆ. ಕುರೂಸಿನ ಮೇಲಿದ್ದವರೂ ಸಿಕ್ಕವರಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಂಟಿ ಬಾಯಿ ತೆರೆದವರು ಹಾಗೇ ಕೂತುಬಿಟ್ಟರು. ಸಭೆ ಬೇಗ ಮುಗಿಯಿತು. ಹೋಗುವಾಗ ಕೆಲವರ ಮುಖದಲ್ಲಿ ನೆಮ್ಮದಿ ಕಂಡಿತು. ಅದು ನನ್ನ ಕಣ್ಣಿಗೆ ಇನ್ನೂ ಚುಚ್ಚುತ್ತದೆ.

ಅದೇ ವಾರ ಅಕ್ಕ ನನ್ನನ್ನು ಒಳಗೆ ಕರೆದು ಟ್ರಂಕು ತೆಗೆದು ತೋರಿಸಿದರು. ಹೊಸ ಅಂಗಿಗಳು, ಮಡಿಕೆ ಬಿಚ್ಚದವು. ದೀಪಾವಳಿಗೊಂದರಂತೆ ಮಗನಿಗೆ ತೆಗೆದಿಡುತ್ತಿದ್ದರು. ಮುಂದೆಯೂ ಪ್ರತಿ ವರ್ಷ ಒಂದು ಸೇರುತ್ತಿತ್ತು. ಕೊನೆಕೊನೆಯವು ಅಳತೆಯಲ್ಲಿ ದೊಡ್ಡವಾಗುತ್ತ ಬಂದವು.

"ಇಷ್ಟು ದೊಡ್ಡದು ಯಾಕೆ ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಗಂಡಸರು ಮೂವತ್ತರ ಸನೇಕ ಬಂದ್ರ ಮೈ ಬರತೈತಿ. ನಿನ್ನ ಗಂಡನ್ನ ನೋಡು" ಅಂದರು. ನಗಲೆಂದು ಹೇಳಿದ್ದೋ ನಿಜವಾಗಿಯೂ ಹೇಳಿದ್ದೋ ತಿಳಿಯಲಿಲ್ಲ.

ಕುರೂಸಿಗೆ ಮಾನ್ಯತೆ ಸಿಕ್ಕಿತು. ರಸ್ತೆ ಅದನ್ನು ಬಿಟ್ಟು ಪಕ್ಕದಿಂದ ಬಳಸಿಕೊಂಡು ಹೋಯಿತು. ಸುತ್ತ ಕಬ್ಬಿಣದ ಸರಪಳಿ, ಪಕ್ಕದಲ್ಲಿ ನೀಲಿ ಫಲಕ. ಶಾಲೆಯ ಮಕ್ಕಳನ್ನು ಕರೆತಂದು ತೋರಿಸತೊಡಗಿದರು. ಸರಪಳಿ ಬಂದ ಮೇಲೆ ಅಕ್ಕ ಮೆಟ್ಟಿಲು ಹತ್ತುವಂತಿರಲಿಲ್ಲ. ಹೊರಗೇ ನಿಲ್ಲುತ್ತಿದ್ದರು. ಆ ಹೊತ್ತಿಗೆ ನಾವು ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಸ್ವಂತ ಮನೆಗೆ ಹೋದೆವು. ಆದರೂ ತಿಂಗಳಿಗೊಮ್ಮೆ ಲೋಕಲ್ ಹಿಡಿದು ಠಾಣೆಗೆ ಬಂದು ಅಕ್ಕನನ್ನು ನೋಡಿ ಹೋಗುತ್ತಿದ್ದೆ. ಹೋದಾಗ ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದರು, ನಾನು ಕೂತಿರುತ್ತಿದ್ದೆ. ಹೊರಡುವಾಗ ರೊಟ್ಟಿಯ ಗಂಟು ಕೈಗಿಡುತ್ತಿದ್ದರು.

ಮಗ ಹೋಗಿ ಹತ್ತಿರ ಹತ್ತಿರ ಒಂಬತ್ತು ವರ್ಷವಾಗಿತ್ತು. ಒಂದು ಮಧ್ಯಾಹ್ನ ಫೋನು ಬಂತು.

"ತಂಗೀ, ಸಿಕ್ಕಾನಂತ."

"ಯಾರು ಹೇಳಿದ್ರು?" ಎಂದೆ.

"ಅವರ ಪಲ್ಟನ್ನಾವ್ರು. ಬರ್ಫ ಕರಗೇತಂತ. ಕೊಳ್ಳಾಗಿನ ಬಿಲ್ಲಿ ನೋಡಿ ಗುರ್ತ ಹಿಡದಾರ. ತಗೊಂಡು ಬರ್ತಾರಂತ. ಊರಿಗೆ ಒಯ್ಯೂನೋ ಅಂತ ಕೇಳಿದ್ರು. ಇಲ್ಲೇ ಹುಟ್ಟ್ಯಾನ, ಇಲ್ಲೇ ತರ್ರಿ ಅಂದೆ. ನೀ ಬಾ."

ಪೆಟ್ಟಿಗೆಯನ್ನು ತಂದು ಓಣಿಯಲ್ಲಿ, ಕುರೂಸಿನ ಎದುರು ಮೇಜಿನ ಮೇಲೆ ಇಳಿಸಿದರು. ಊರೆಲ್ಲ ನೆರೆದಿತ್ತು. ಮುಖದ ಕಡೆ ಮಾತ್ರ ತೆರೆಯಬಹುದು ಎಂದರು. ಹಿಮದಲ್ಲಿದ್ದ ಮುಖ ಕಪ್ಪಾಗಿತ್ತು, ಬಿಗಿದಿತ್ತು, ಆದರೆ ಅದು ಅವನೇ. ಹೋದಾಗ ಹೇಗಿದ್ದನೋ ಹಾಗೆ. ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನ ಜೊತೆ ಆಡಿದವರು ಸುತ್ತ ನಿಂತಿದ್ದರು. ಅವರಿಗೆಲ್ಲ ಹೊಟ್ಟೆ ಬಂದಿತ್ತು. ಕೆಲವರ ಹೆಗಲ ಮೇಲೆ ಮಕ್ಕಳಿದ್ದವು.

ಅಕ್ಕ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಷ್ಟ ಸಣ್ಣಾವ ಅದಾನಲ್ಲ ತಂಗೀ" ಅಂದರು. "ನಾ ಇವನ್ನ ದೊಡ್ಡಾವನ್ನ ಮಾಡಿ ಇಟ್ಟಿದ್ದೆ."

ಖಾಡಿಯ ದಂಡೆಯ ಸ್ಮಶಾನದಲ್ಲಿ ಅವನ ಅಪ್ಪ ಬೆಂಕಿ ಕೊಟ್ಟರು. ಸೈನಿಕರು ಗುಂಡು ಹಾರಿಸಿದರು. ಅಕ್ಕ ಆಗಲೂ ಅಳಲಿಲ್ಲ. ವಾರದ ಮೇಲೆ ಟ್ರಂಕಿನ ಅಂಗಿಗಳನ್ನೆಲ್ಲ ಸೈಟಿನ ಹುಡುಗರಿಗೆ ಹಂಚಿಬಿಟ್ಟರು. "ಅಳು ಬರವೊಲ್ದು" ಎಂದರು ನನಗೆ. "ಅವತ್ತ ಅತ್ತಿದ್ರ ಬರ್ತಿತ್ತೋ ಏನೋ. ಈಗ ಹಳೇದಾತು. ಒಳಗ ಕೈ ಹಾಕಿದ್ರ ಏನೂ ಹತ್ತೂದಿಲ್ಲ."

ಖಾಲಿ ಟ್ರಂಕು ಮುಚ್ಚುತ್ತ, "ಈಗ ಬರೀರಿ ಅಂತ ಹೇಳು" ಎಂದರು.

"ಏನು?"

"ಹೆಸರು. ಈಗ ಸಿಕ್ಕಾನಲ್ಲ. ಆ ಕಲ್ಲಿನ ಮ್ಯಾಲ ಬರೀರಿ ಅಂತ ಹೇಳು."

ಆಂಟಿಯ ಮಗಳು ಆ ಕಟ್ಟಡಶಾಸ್ತ್ರದ ಹೆಣ್ಣುಮಗಳಿಗೆ ಫೋನು ಮಾಡಿದಳು. ಅವಳು ಫೋನಿನಲ್ಲೇ ಇಲ್ಲ ಎಂದು ಹೇಳಿಬಿಡಬಹುದಿತ್ತು. ಬಂದಳು. ಅಕ್ಕನ ಖೋಲಿಯಲ್ಲಿ ನೆಲದ ಮೇಲೆ ಕೂತು, ತಾನು ಯಾರ್ಯಾರನ್ನು ಕೇಳಿದೆ, ಅವರೇನೆಂದರು ಎಲ್ಲ ಹೇಳಿದಳು. ಆಗುವುದಿಲ್ಲ. ಅದು ಈಗ ಊರಿನ ಆಸ್ತಿಯಲ್ಲ, ಸಂರಕ್ಷಿತ ವಸ್ತು. ಒಂದು ಉಳಿ ತಗುಲಿದರೂ ಅಪರಾಧ. "ಪಕ್ಕದಲ್ಲಿ ಅವನದೇ ಬೇರೆ ಕಲ್ಲು ನಿಲ್ಲಿಸಲು ನಾನು ಓಡಾಡುತ್ತೇನೆ, ಆಯೀ" ಎಂದಳು. ಅವಳ ಕಣ್ಣು ತುಂಬಿತ್ತು.

ಅಕ್ಕ ಅವಳ ಬೆನ್ನು ಸವರಿದರು. "ಬ್ಯಾರೇ ಕಲ್ಲು ಬ್ಯಾಡ. ಒಂಬತ್ತು ವರ್ಷ ಒಬ್ಬನ ಇದ್ದ. ಇನ್ನ ಒಬ್ಬನ ನಿಲ್ಲೂದು ಬ್ಯಾಡ."

ನಾನೇ ಅದನ್ನು ಹಿಂದಿಯಲ್ಲಿ ಹೇಳಬೇಕಾಯಿತು. ಅವತ್ತು ಸಭೆಯಲ್ಲಿ ಅಕ್ಕ ಒಂದು ಮಾತು ಹ್ಞೂಂ ಅಂದಿದ್ದರೆ ಹೆಸರು ಅಲ್ಲಿರುತ್ತಿತ್ತು. ಇದನ್ನು ಯಾರೂ ಆಡಲಿಲ್ಲ. ಅಕ್ಕನೂ ಆಡಲಿಲ್ಲ.

ದಾರಿ ತೆಗೆದದ್ದು ಆಂಟಿ. ಆಗ ಅವರಿಗೆ ಎಂಬತ್ತು ಮೀರಿ, ಹೆಚ್ಚು ಹೊತ್ತು ಹಾಸಿಗೆಯಲ್ಲೇ. ತಮ್ಮ ಬಾಲ್ಯದಲ್ಲಿ ನವೆಂಬರಿನ ಮೊದಲ ವಾರ, ಸತ್ತವರನ್ನು ನೆನೆಯುವ ದಿನ, ಕುರೂಸಿನ ಮುಂದೆ ಮೇಣದ ಬತ್ತಿ ಹಚ್ಚಿ ಆ ಹೆಸರುಗಳನ್ನು ಕೂಗಿ ಓದುತ್ತಿದ್ದರು ಎಂದು ಅವರಿಗೆ ನೆನಪಾಯಿತು. ಓದುವ ಮುದುಕ ಸತ್ತ ಮೇಲೆ ಅದು ನಿಂತುಹೋಗಿತ್ತಂತೆ. "ಕಲ್ಲನ್ನು ಮುಟ್ಟಬಾರದು ತಾನೆ? ಬಾಯಿಗೆ ಯಾವ ಸರಪಳಿ?" ಎಂದರು. ಪಾದ್ರಿಗಳನ್ನು ಮನೆಗೆ ಕರೆಸಿ ಒಪ್ಪಿಸಿದರು.

ಆ ವರ್ಷ ಸಂಜೆ ಹೊತ್ತಿಗೆ ಓಣಿಯಲ್ಲಿ ಜನ ಸೇರಿದರು. ಆಂಟಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಅವರು ಒಂದೊಂದೇ ಹೆಸರು ಕೂಗಿದರು. ಪ್ರತಿ ಹೆಸರಿಗೂ ಜನ ಒಟ್ಟಾಗಿ, "ದೇವಾ, ಶಾಂತೀ ದೇ" ಎಂದು ಶಾಂತಿ ಬೇಡುತ್ತಿದ್ದರು. ಅಕ್ಕ ನನ್ನ ಪಕ್ಕ ನಿಂತಿದ್ದರು, ಸೆರಗು ಹೊದ್ದು, ಚಪ್ಪಲಿ ಬಿಟ್ಟು. ಅವರ ಗಂಡ ಕೆಲಸದ ಸಮವಸ್ತ್ರದಲ್ಲೇ ಬಂದು ಹಿಂದೆ ನಿಂತಿದ್ದರು. ಕಲ್ಲಿನ ಮೇಲಿನ ಹೆಸರುಗಳು ಮುಗಿದವು. ಆಂಟಿ ಉಸಿರೆಳೆದುಕೊಂಡು ಅಕ್ಕನ ಮಗನ ಹೆಸರನ್ನು ಕೂಗಿದರು, ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ.

ಜನ ಬಾಯಿ ತೆರೆಯುವ ಮುಂಚೆ ಅಕ್ಕ, "ಓ" ಅಂದರು.

ನಮ್ಮಲ್ಲಿ ಯಾರಾದರೂ ಮಗುವನ್ನು ಕರೆದಾಗ, ಮಗು ದೂರದಲ್ಲಿದ್ದರೆ, ತಾಯಿ ಓಗೊಡುವುದಿಲ್ಲವೇ, ಹಾಗೆ. ಜೋರಾಗಿ, ಸಹಜವಾಗಿ. ಪ್ರಾರ್ಥನೆಯ ಉತ್ತರ ಅವರಿಗೆ ತಿಳಿಯದೆ ಅಂದದ್ದಲ್ಲ. ಅದನ್ನು ಅಷ್ಟು ಹೊತ್ತು ಕೇಳಿಸಿಕೊಂಡಿದ್ದರು. ಮಗನ ಹೆಸರು ಕೂಗಿದರು, ಓಗೊಡಬೇಕಾಗಿತ್ತು, ಓಗೊಟ್ಟರು. ಸುತ್ತಲಿದ್ದವರು ಪ್ರಾರ್ಥನೆ ಮರೆತು ಒಬ್ಬರನ್ನೊಬ್ಬರು ನೋಡಿದರು. ಆಂಟಿ ಮಾತ್ರ ತಲೆಯಾಡಿಸಿ ಕಣ್ಣು ಮುಚ್ಚಿದರು. ಹಿಂದಿನಿಂದ ಅಕ್ಕನ ಗಂಡ ಬಿಕ್ಕಿದ್ದು ಕೇಳಿಸಿತು. ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ. ಮೇಣದ ಬತ್ತಿ ಹಚ್ಚಿ, ಸರಪಳಿಯ ಹೊರಗೆ ನೆಲದ ಮೇಲೆ ಇಟ್ಟು, "ನಡೀ, ನಿನಗ ಗಾಡಿ ತಪ್ಪತೈತಿ" ಎಂದರು.

ಮುಂದೆ ಪ್ರತಿ ವರ್ಷ ಹಾಗೆಯೇ ನಡೆಯಿತು. ಆಂಟಿ ತೀರಿಕೊಂಡ ಮೇಲೆ ಅವರ ಮಗಳು ಓದತೊಡಗಿದಳು. ಆ ಕೊನೆಯ ಹೆಸರಿಗೆ ಜನ ಪ್ರಾರ್ಥನೆ ಹೇಳುವುದನ್ನೇ ಬಿಟ್ಟು, ಅಕ್ಕನಿಗೆ ಅಷ್ಟು ಜಾಗ ಬಿಟ್ಟುಕೊಡುತ್ತಿದ್ದರು.

ಅಕ್ಕ ಹೋದದ್ದು ಒಂದು ಜುಲೈ ತಿಂಗಳಲ್ಲಿ. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಕಿಡ್ನಿಗೆ ಬಂತು. ಮಳೆಗೆ ಲೋಕಲ್ ನಿಂತು ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯಲ್ಲಿ ಕೊನೆಗೆ ಏನಾದರೂ ಹೇಳಿದರೇ ಎಂದು ಅವರ ಗಂಡನನ್ನು ಕೇಳಿದೆ. "ಏನೂ ಇಲ್ಲವ್ವಾ. ನನ್ನ ಡ್ಯೂಟಿ ಎಷ್ಟೊತ್ತಿಗೆ ಅಂತ ಕೇಳಿದ್ಲು" ಎಂದರು. ತಿಂಗಳೊಳಗೆ ಅವರು ಖೋಲಿ ಬಿಟ್ಟುಕೊಟ್ಟು ತಮ್ಮನ ಮನೆಗೆ ಊರಿಗೆ ಹೋದರು.

ನಾನೂ ಅಳಲಿಲ್ಲ. ಅದು ಅವರಿಂದಲೇ ಬಂದದ್ದೋ ಏನೋ. ಮನೆಗೆಲಸ ಮಾಡಿದೆ, ಮಗಳ ಕಾಲೇಜಿನ ಡಬ್ಬಿ ಕಟ್ಟಿದೆ, ದಿನಗಳು ಹೋದವು. ನವೆಂಬರ್ ಬಂದಾಗ ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಅಲ್ಲಿ ನನ್ನವರೆಂದು ಯಾರೂ ಉಳಿದಿರಲಿಲ್ಲ. ಆದರೂ ಹೊರಟೆ.

ಜನ ಕಡಿಮೆ ಇದ್ದರು. ಆಂಟಿಯ ಮಗಳು ಹೆಸರು ಕೂಗುತ್ತ ಹೋದಳು. ಒಂದೊಂದಕ್ಕೂ ಉತ್ತರ ಬಂತು. ಕೊನೆಯ ಹೆಸರು ಕೂಗಿದಳು. ಕೂಗಿ ಅಭ್ಯಾಸಬಲದಿಂದ ನಿಲ್ಲಿಸಿದಳು. ಎಲ್ಲರೂ ಕಾದರು. ಕಾಯುತ್ತಿದ್ದೇವೆ ಎಂಬುದು ಸ್ವಲ್ಪ ತಡವಾಗಿ ಎಲ್ಲರಿಗೂ ಗೊತ್ತಾಯಿತು. ಅವಳು ಗಾಬರಿಯಾಗಿ ನನ್ನ ಕಡೆ ನೋಡಿದಳು.

"ಓ" ಅಂದೆ.

ದನಿ ಒಡೆದುಹೋಯಿತು, ಎರಡನೇ ಸಲ ಅನ್ನಬೇಕಾಯಿತು. ಸುತ್ತಲೂ ಯಾರೂ ತಿರುಗಿ ನೋಡಲಿಲ್ಲ. ಅವಳು ಹೆಸರು ಬರೆದಿಟ್ಟ ಪುಸ್ತಕ ಮುಚ್ಚಿ ಪ್ರಾರ್ಥನೆ ಮುಂದುವರಿಸಿದಳು. ಈಗ ವರ್ಷಕ್ಕೊಮ್ಮೆ ಡೊಂಬಿವಲಿಯಿಂದ ಅಷ್ಟನ್ನು ಹೇಳಲಿಕ್ಕೆ ಹೋಗಿ ಬರುತ್ತೇನೆ.